ಚಾಸಿಯ ಒಳಮೈ

"ನೀನೇ ಹೇಳು ಮೋಹನ, ಇದಕ್ಕೆ ಎಂತದು ಬಳಿಯುವ?"

ದೂಮಪ್ಪ ಕೇಳಿದ್ದು ತಂಗಿಯ ಮಗ ಮೋಹನದಾಸನನ್ನು. ಸ್ವಂತ ಮಗ ಪೂವಪ್ಪ ಅಲ್ಲೇ ಕಾರಿನ ಚಾಸಿಯ ಕೆಳಗೆ ಅಂಗಾತ ಬಿದ್ದುಕೊಂಡು ತುಕ್ಕು ಕೆರೆಯುತ್ತಿದ್ದ. ಕಣ್ಣಿಗೆ ಉದುರಿದ ತುಕ್ಕಿನ ಪುಡಿಯನ್ನು ಒರೆಸಿಕೊಳ್ಳುವುದನ್ನೂ ಮರೆತು ಅವನು ಕಿವಿಗೊಟ್ಟ. ಕೆರೆಯುವುದಕ್ಕೆ ಮಗ, ಹೇಳುವುದಕ್ಕೆ ಅಳಿಯ. ಆಗಲಿ, ನಡೆಯಲಿ ಇವರ ದರ್ಬಾರು.

ಕ್ರಿಸ್ತಿಯನ್ ಸಾಹುಕಾರ ವಾಲ್ಟರ್ ಪೊರ್ಬುಗಳದಾಗಿದ್ದ ಆ ಕಾರು ಕೂಳೂರಿನ ಕಡವು ದಾಟುವಾಗ ಜೋಡುದೋಣಿಯಿಂದ ಜಾರಿ ಹೊಳೆಯ ಉಪ್ಪುನೀರಿನಲ್ಲಿ ಮುಳುಗಿತ್ತು. ಮೇಲೆತ್ತಿದ ಮೇಲೆ ಪೊರ್ಬುಗಳಿಗೆ ಅದರ ಮುಖ ನೋಡಲೂ ಮನಸ್ಸಾಗಲಿಲ್ಲ. ದೂಮಪ್ಪ ಅದನ್ನು ಕೊಂಡು ಎತ್ತಿನ ಗಾಡಿಯ ಮೇಲೆ ಹಂಪನಕಟ್ಟೆಯ ಹಿಂದಿನ ತನ್ನ ಶೆಡ್ಡಿಗೆ ತರಿಸಿದ. ಹಿಂದೆ ದೋಣಿ ಕಟ್ಟುತ್ತಿದ್ದ ಕೈ ಅವನದು. ಈಗ ಕಾರುಗಳಿಗೆ ಮರದ ಬಾಡಿ ಕಟ್ಟುತ್ತಿತ್ತು. ಎಂಜಿನ್ನು ಸರಿಯಾಯಿತು, ಬಾಡಿಯೂ ಹೊಸದಾಯಿತು. ಉಳಿದದ್ದು ಇವೆರಡನ್ನೂ ಹೊರುವ ಅಡಿಯ ಕಬ್ಬಿಣದ ಚೌಕಟ್ಟು. ಚಾಸಿ ಎಂದರೆ ಅದೇ.

"ನನಗೆ ಎಂತ ಗೊತ್ತು ಮಾವ? ಎನಾಮೆಲ್ ಒಳ್ಳೆದು ಅಂತ ಹೇಳ್ತಾರೆ," ಎಂದ ಮೋಹನದಾಸ. ಹಂಚಿನ ಕಾರ್ಖಾನೆಯ ಗುಮಾಸ್ತ, ಇಸ್ತ್ರಿ ಹಾಕಿದ ಬಿಳಿ ಅಂಗಿ. "ಬಾವನನ್ನೇ ಕೇಳಬಹುದಲ್ಲ."

ಪೂವಪ್ಪ ಕೆಳಗಿನಿಂದಲೇ ಹೇಳಿದ: "ಎನಾಮೆಲ್ ಬರೀ ಹೊಳಪಿಗೆ. ಇದು ಉಪ್ಪು ಕುಡಿದ ಕಬ್ಬಿಣ. ಒಳಗೂ ಹೊರಗೂ ಬೆಳ್ಳಗೆ ಕೆರೆದು, ಸಿಹಿನೀರಲ್ಲಿ ತೊಳೆದು, ಒಣಗಿಸಿ, ತುಕ್ಕು ಹಿಡಿಯದ ಹಾಗೆ ಸಿಂಧೂರದ ಪೈಂಟು ಕೊಡ್ಬೇಕು. ಅದರ ಮೇಲೆ ಗೇರೆಣ್ಣೆ ಕಾಯಿಸಿ ಬಳಿದರೆ ದೋಣಿಯ ಅಡಿಯ ಹಾಗೆ ನಿಲ್ತದೆ."

"ಕಾರಿಗೆ ದೋಣಿಯ ವಾಸನೆ ಎಂತಕ್ಕೆ ಮಾರಾಯ?" ದೂಮಪ್ಪ ನಕ್ಕ. "ಅಡಿಗೆ ನೀನು ಹೇಳಿದ ಸಿಂಧೂರ, ಮೇಲೆ ಮೋಹನ ಹೇಳಿದ ಎನಾಮೆಲ್. ಆಯ್ತಲ್ಲ?"

ಅರ್ಧ ಮಾತು ತನ್ನದೂ ನಡೆಯಿತೆಂದು ಪೂವಪ್ಪನಿಗೆ ಅನಿಸಲೇ ಇಲ್ಲ. ಹೊಟ್ಟೆಕಿಚ್ಚಿಗೆ ಅರ್ಧದ ಲೆಕ್ಕ ಎಲ್ಲಿ ತಿಳಿಯುತ್ತದೆ!

ಅದು ಇವತ್ತಿನ ಕಿಚ್ಚೂ ಅಲ್ಲ. ಅವರದು ಅಳಿಯಸಂತಾನದ ಕಟ್ಟು. ಮಾವನ ಮನೆ, ಜಾಗ, ಶೆಡ್ಡು ಎಲ್ಲ ಅಳಿಯನಿಗೆ. ಮಗನ ಪಾಲಿಗೆ ಬಂದದ್ದು ಅಪ್ಪನ ಮೊಂಡು ಮೂಗು. ಕಟ್ಟು ಕಟ್ಟೇ, ಅದಕ್ಕೆ ಯಾರನ್ನು ಬೈಯುವುದು? ಆದರೆ ಊಟಕ್ಕೆ ಕೂತರೆ ಅಂಜಲ್ ಮೀನಿನ ತಲೆಯೂ ಮೋಹನದಾಸನ ಬಟ್ಟಲಿಗೇ ಹೋಗಬೇಕೇ? ಈ ಕಾರಿನದಂತೂ ಅತಿಯಾಯಿತು. ಚಕ್ರ ಯಾವುದು, ಸೀಟಿಗೆ ಯಾವ ಚರ್ಮ, ಎಲ್ಲದಕ್ಕೂ 'ಮೋಹನನನ್ನು ಕೇಳುವ'. ಬರುವ ಮಾಘದಲ್ಲಿ ಅವನ ಮದುವೆ. ಕಾರು ಯಾರಿಗೆ ಎಂದು ದೂಮಪ್ಪ ಬಾಯಿ ಬಿಟ್ಟಿರಲಿಲ್ಲ. ಬಿಡುವುದೇನಿದೆ ಎಂದುಕೊಂಡಿದ್ದ ಪೂವಪ್ಪ.

"ಮದುಮಗ ಕಾರಲ್ಲೇ ಬರ್ತಾನೆ, ನೋಡ್ತಾ ಇರು," ಎಂದು ಹೆಂಡತಿ ಕುಮುದಿನಿಯೊಡನೆ ಹೇಳಿದ.

"ಬರಲಿ ಬಿಡಿ. ನಿಮಗೆ ಎಂತ ಉರಿ?" ಎಂದಳು ಅವಳು. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಎನಾಮೆಲ್ ಡಬ್ಬಿಯನ್ನು ಮೋಹನದಾಸನೇ ತಂದು ಶೆಡ್ಡಿನ ಬಾಗಿಲಲ್ಲಿಟ್ಟು ಹೋಗಿದ್ದ. ಪೂವಪ್ಪ ಚಾಸಿಯ ಹೊರಮೈಯನ್ನು ಮೊದಲೇ ಬೆಳ್ಳಗೆ ಕೆರೆದಿದ್ದ. ಅದಕ್ಕೆ ಸಿಂಧೂರ ಕೊಟ್ಟ, ಒಣಗಲು ಬಿಟ್ಟ. ಚೌಕಟ್ಟಿನ ಉದ್ದಕ್ಕೆ ಹೋಗುವ, ದೋಣಿಯಂತೆ ಒಂದು ಬದಿ ತೆರೆದ ಎರಡು ಕಂಬಿಗಳ ಒಳಮೈ ಹಾಗೇ ಉಳಿದಿತ್ತು. ಬೆರಳಾಡಿಸಿದರೆ ತುಕ್ಕು ಹಪ್ಪಳದ ಹಾಗೆ ಏಳುತ್ತಿತ್ತು, ಅದರಡಿಯಲ್ಲಿ ಇನ್ನೂ ಉಪ್ಪಿನ ಪಸೆ. ಎರಡು ದಿನದ ಕೆಲಸ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಮೋಹನದಾಸನಿಗೆ ಕಬ್ಬಿಣವೆಂದರೆ ಬೀಗದ ಕೈ ಮಾತ್ರ ಗೊತ್ತು. ನೋಡುವವರು ಯಾರು?

ಅವನು ಹಳೆಯ ಬೈರಾಸಿನಿಂದ ಒಳಮೈಯ ಪುಡಿ ಒರೆಸಿ, ತುಕ್ಕಿನ ಮೇಲೇ ಎನಾಮೆಲ್ ಬಳಿದ. ಬಳಿದಂತೆ ಕಪ್ಪು ಹೊಳಪು ಎದ್ದು ಬಂತು. ಒಳಗಿನ ಉಪ್ಪು ತನ್ನ ಪಾಡಿಗೆ ತಿನ್ನುತ್ತಾ ಹೋಗಲಿ. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ, ಹೆಂಡತಿಯನ್ನು ಕೂರಿಸಿಕೊಂಡು ಬಾವುಟಗುಡ್ಡೆ ಹತ್ತುವಾಗ ಚಾಸಿ ಲಟಕ್ಕೆಂದು ಮುರಿಯಬೇಕು. ಬಿಳಿ ಅಂಗಿಯವನು ರಸ್ತೆಯ ಮಧ್ಯೆ ಕಣ್ಣುಕಣ್ಣು ಬಿಡಬೇಕು. ಇದನ್ನೆಲ್ಲ ನೆನೆದು ಅವನ ಹೊಟ್ಟೆ ತಣ್ಣಗಾಯಿತು.

ಆದಿತ್ಯವಾರ ಬಾಡಿ ಕೂರಿಸುವ ಕೆಲಸ. ದೂಮಪ್ಪನ ತಂಗಿ ಲಕ್ಷ್ಮೀ, ಕುಟುಂಬದ ಹಿರಿಯರು, ನೆರೆಯವರು ಶೆಡ್ಡಿನಲ್ಲಿ ಸೇರಿದರು. ಕುಮುದಿನಿಯೂ ಬಂದಿದ್ದಳು. ದೂಮಪ್ಪ ತೆಂಗಿನಕಾಯಿ ಒಡೆದು, ಗಂಟಲು ಸರಿಮಾಡಿಕೊಂಡ.

"ಈ ಶೆಡ್ಡು, ಜಾಗ ಎಲ್ಲ ಕುಟುಂಬದ್ದು. ನನ್ನ ನಂತರ ಮೋಹನನಿಗೆ. ಅದರಲ್ಲಿ ನನ್ನ ಮಾತು ನಡೆಯುದಿಲ್ಲ. ಈ ಕಾರು ಹಾಗಲ್ಲ, ನನ್ನ ಸ್ವಂತ ದುಡಿಮೆಯದ್ದು. ಇದನ್ನು ಪೂವಪ್ಪನಿಗೆ ಕೊಟ್ಟಿದ್ದೇನೆ. ಬಾಡಿಗೆಗೆ ಓಡಿಸಿ ಹೆಂಡತಿ ಮಕ್ಕಳನ್ನು ಸಾಕಲಿ. ನಾಳೆ ಕುಟುಂಬದಲ್ಲಿ ಯಾರೂ ತಕರಾರು ತೆಗೀಬಾರದು ಅಂತಲೇ ಸುರುವಿಂದ ಎಲ್ಲದಕ್ಕೂ ಮೋಹನನನ್ನು ಕೇಳಿ ಮಾಡಿದ್ದು. ಎಲ್ಲರೆದುರು ಹೇಳು ಮೋಹನ, ನಿನ್ನ ಒಪ್ಪಿಗೆ ಉಂಟಾ?"

"ಉಂಟು ಮಾವ," ಎಂದ ಮೋಹನದಾಸ. "ಸಂತೋಷ ಉಂಟು. ಎನಾಮೆಲ್ ನನ್ನ ಉಡುಗೊರೆ, ಬಾವನಿಗೆ."

ಕುಮುದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೂವಪ್ಪನ ಕಣ್ಣು ಚಾಸಿಯ ಒಳಮೈಯತ್ತ ಹೋಯಿತು. ಅಷ್ಟರಲ್ಲಿ ಮೋಹನದಾಸ ಬಿಳಿ ಅಂಗಿ ಕೊಳೆಯಾದೀತೆಂದೂ ನೋಡದೆ ಚಾಸಿಯ ಪಕ್ಕ ಕುಕ್ಕರಿಸಿ ಕೂತು, ಅದರ ಹೊಳಪನ್ನು ಕಣ್ಣು ತುಂಬ ನೋಡಿದ.

"ಒಳಗೂ ಸಿಂಧೂರ ಕೊಟ್ಟು ಆಗಿದೆಯಲ್ಲ ಬಾವ? ನೀವು ಹೇಳಿದ ಹಾಗೆ?"

"ಆಗಿದೆ," ಎಂದ ಪೂವಪ್ಪ.

ಎಂಟು ಜನ ಹೆಗಲು ಕೊಟ್ಟು ಮರದ ಬಾಡಿಯನ್ನು ಎತ್ತಿದರು. ಚಾಸಿಯ ಮೇಲಕ್ಕೆ ತಂದು, ಅಂತರದಲ್ಲೇ ಹಿಡಿದು ನಿಂತರು.

"ನಿನ್ನ ಕಾರು ಮಗ," ಎಂದ ದೂಮಪ್ಪ. "ನೀನೇ ಹೇಳು, ಇಳಿಸುದಾ?"

ಬಾಡಿ ಕೂತ ಮೇಲೆ ಆ ಒಳಮೈಗೆ ಕೆರೆಯುವ ಕೈ ಹೋಗದು. ಈಗಾದರೆ ಒಂದು ಮಾತು ಸಾಕಿತ್ತು. ನಿಲ್ಲಿ, ಒಳಗೆ ಕೆಲಸ ಬಾಕಿ ಉಂಟು ಎಂದರೆ ಮುಗಿಯುತ್ತಿತ್ತು. ಅಪ್ಪ ಒಬ್ಬನೇ ಇದ್ದಿದ್ದರೆ ಕಾಲು ಹಿಡಿದಾದರೂ ಹೇಳಿಬಿಡುತ್ತಿದ್ದ. ಆದರೆ ಎದುರಿಗೆ ಆ ಮೋಹನದಾಸ, ತನ್ನ ಒಳ್ಳೆಯತನವನ್ನೆಲ್ಲ ಮುಖದ ಮೇಲೆ ಹೊತ್ತುಕೊಂಡು, ನಗುತ್ತಾ ನಿಂತಿದ್ದಾನೆ. ಇವನ ಮುಂದೆಯೇ? ಇವನೊಬ್ಬನ ಮುಂದೆ ಮಾತ್ರ ಆಗದು. ಬಾಡಿ ಹೊತ್ತವರ ತೋಳು ನಡುಗತೊಡಗಿತು.

"ಬೇಗ ಹೇಳು ಮಾರಾಯ," ಎಂದರು ಯಾರೋ.

"ಇಳಿಸಿ," ಎಂದ ಪೂವಪ್ಪ.

ಬಾಡಿ ಮೆಲ್ಲಗೆ ಇಳಿದು ಚಾಸಿಯನ್ನು ಮುಚ್ಚಿ ಕೂತಿತು. ಕಣ್ಣು ಮಂಜಾದ ದೂಮಪ್ಪ ಬಗ್ಗಿ, ಮರ ಕಬ್ಬಿಣ ಕೂಡಿದಲ್ಲೆಲ್ಲ ಅಂಗೈ ಸವರುತ್ತಾ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ನಡೆದ.

"ಎಷ್ಟು ನುಣುಪು," ಎಂದ.