ಕೆಂಪು ಕೋಲಿನ ಕಪ್ಪು ಪಟ್ಟಿ

"ಅಕ್ಕಾ, ಹೇಗಾದ್ರೂ ಮಾಡಿ ಅಳಿಸ್ಬಿಡಿ. ಮಗಳು ಹೊರಗೆ ಆಟೋದಲ್ಲಿ ಕೂತಿದ್ದಾಳೆ."

ವೆಲ್ಡರ್ ಅಂಗಲಾಚುತ್ತಿದ್ದ. ಬಣ್ಣದ ತೊಟ್ಟಿಯಿಂದ ಆಗತಾನೆ ಎತ್ತಿದ ಅವಳ ಅಲ್ಯೂಮಿನಿಯಂ ಊರುಗೋಲು ಕೊಕ್ಕೆಯಲ್ಲಿ ನೇತಾಡುತ್ತ ಹನಿಯಿಕ್ಕುತ್ತಿತ್ತು. ಮಗಳು ಕೇಳಿದ ಕೆಂಪೇ ಬಂದಿತ್ತು, ಮೋಸವಿಲ್ಲ. ಆದರೆ ಹಿಡಿಯ ಕೆಳಗೆ, ಸುತ್ತಲೂ, ಬೆರಳಗಲದ ಒಂದು ಕಪ್ಪು ಪಟ್ಟಿ.

ಅಲ್ಯೂಮಿನಿಯಂಗೆ ಬಣ್ಣ ಹಿಡಿಸುವ ಈ ಆನೊಡೈಸಿಂಗ್ ಶೆಡ್ಡಿನ ಒಡತಿಗೆ ಎಲ್ಲರೂ ತೊಟ್ಟಿಯಕ್ಕ ಎನ್ನುತ್ತಾರೆ. ಬಂದವರೆಲ್ಲ ಕೇಳುವುದು ಅದದೇ: ಬಣ್ಣ ಉದುರುತ್ತಾ, ಗೀರು ಮುಚ್ಚುತ್ತಾ? ಹೇಳಿ ಹೇಳಿ ಅವಳ ಬಾಯಿ ಸವೆದಿದೆ. ಇದು ಬಳಿಯುವ ಪೇಂಟಲ್ಲ ಕಣ್ರಪ್ಪಾ. ಆಸಿಡ್ಡಿನಲ್ಲಿ ಕರೆಂಟು ಕೊಟ್ಟರೆ ಅಲ್ಯೂಮಿನಿಯಂ ತನ್ನ ಮೈಯಿಂದಲೇ ಸಿಪ್ಪೆ ಕಟ್ಟಿಕೊಳ್ಳುತ್ತೆ, ಬಣ್ಣ ಕುಡಿಯುವುದು ಆ ಸಿಪ್ಪೆ. ಮುಚ್ಚುವ ಮಾತು ಹಾಗಿರಲಿ, ಇದ್ದದ್ದನ್ನು ಎತ್ತಿ ತೋರಿಸುತ್ತೆ.

"ಎಲ್ಲಾದ್ರೂ ಬೆಸುಗೆ ಇದ್ಯಾ ಅಂತ ಕೇಳ್ದೆ ತಾನೆ? ಇಲ್ಲ ಅಂದ್ಯಲ್ಲೋ ಪುಣ್ಯಾತ್ಮ! ಬೆಸುಗೆ ತಂತಿ ಬೇರೆ ಲೋಹ, ಕಪ್ಪಾಗದೆ ಇನ್ನೇನಾಗುತ್ತೆ?"

"ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದೆ, ನನ್ನ ಕಣ್ಣಿಗೇ ಕಾಣ್ತಿರ್ಲಿಲ್ಲ. ಇನ್ನೊಂದ್ಸಲ ಅದ್ದಿ ಅಕ್ಕಾ."

"ಸಿಪ್ಪೆ ಸುಲಿದು ಅದ್ದಿದ್ರೂ ಅದೇ ಪಟ್ಟಿ. ಅಲ್ಲಾ, ಒಂದು ಪಟ್ಟಿಗೆ ಇಷ್ಟು ಪೇಚಾಟ ಯಾಕೆ?"

ಅವನು ತಲೆ ತಗ್ಗಿಸಿ ಬಾಯಿಬಿಟ್ಟ. ಕೋಲಿನ ಎತ್ತರ ಸರಿಹೋಗಲೆಂದು ಅಲ್ಲಿ ತೂತು ಕೊರೆದವನು ಅವನೇ. ತೂತಿನಿಂದ ಬಿರುಕು ಬಿಟ್ಟು, ಕೋಲು ಮಡಚಿಕೊಂಡು, ಮಗಳು ಮೆಟ್ಟಿಲಿಂದ ಉರುಳಿದ್ದಳು. ಅವಳು ಕಣ್ಣು ಬಿಡುವಷ್ಟರಲ್ಲಿ ಕೋಲನ್ನು ಮರೆಮಾಡಿ, ಕಾಲು ಜಾರಿತು ಕಣಮ್ಮ ಎಂದಿದ್ದ; ಆಮೇಲೆ ಗುಟ್ಟಾಗಿ ಬಿರುಕಿಗೆ ಬೆಸುಗೆ ಹಾಕಿದ್ದ. ಅಂದಿನಿಂದ ಅವಳಿಗೆ ತನ್ನ ಕಾಲಿನ ಮೇಲೇ ನಂಬಿಕೆಯಿಲ್ಲ, ಹೊಸ್ತಿಲು ದಾಟಿಲ್ಲ. ಅದೇ ಕೋಲಿಗೆ ಕೆಂಪು ಬಣ್ಣ ಹಾಕಿಸುವ ಆಸೆ ತೋರಿಸಿ ಇವತ್ತು ಹೊರಡಿಸಿಕೊಂಡು ಬಂದಿದ್ದ.

ತೊಟ್ಟಿಯಕ್ಕನಿಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಟೇಪು ಸುತ್ತಿಬಿಡೋಣವೇ ಎಂದು ಅವಳೂ ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಮಗಳೇ ಗೋಡೆ ಹಿಡಿದುಕೊಂಡು ಒಳಗೆ ಬಂದಳು.

"ಅಬ್ಬಾ, ಎಷ್ಟು ಚೆನ್ನಾಗಿದೆ!" ಎಂದು ಚಾಚಿದ ಬೆರಳು ಪಟ್ಟಿಯ ಹತ್ತಿರ ನಿಂತಿತು. "ಇದೇನಪ್ಪಾ?"

ವೆಲ್ಡರ್ ತೊಟ್ಟಿಯಕ್ಕನ ಮುಖ ನೋಡಿದ.

"ಎಲ್ಲಾ ಕೋಲಿಗೂ ಹೀಗೇ ಬರುತ್ತಾ ಅಕ್ಕಾ?" ಎಂದಳು ಹುಡುಗಿ.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ತೊಟ್ಟಿಯಕ್ಕ ಇದ್ದದ್ದನ್ನೇ ಹೇಳಿದಳು. "ಬೆಸುಗೆ ಹಾಕಿದ ಕಡೆ ಬರುತ್ತೆ ಮಗಾ."

ಹುಡುಗಿ ಪಟ್ಟಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಹಾಗಾದ್ರೆ ನಾನು ಜಾರಿರ್ಲಿಲ್ಲ."

"ಬಾಮ್ಮಾ, ಕೈ ಕೊಡು, ಮನೇಗೆ ಹೋಗೋಣ."

ಅವಳು ಆ ಕೈ ಹಿಡಿಯಲಿಲ್ಲ. ಬಂದ ಹಾಗೇ ಗೋಡೆ ಸವರುತ್ತ ಬಾಗಿಲಿಗೆ ಹೋದಳು. ಗೋಡೆ ಮುಗಿದಲ್ಲಿ ಸ್ವಲ್ಪ ನಿಂತು, ಏನನ್ನೂ ಹಿಡಿಯದೆ, ತೂಗಾಡುತ್ತ ಒಂದು ಹೆಜ್ಜೆ ಇಟ್ಟಳು.

ವೆಲ್ಡರ್ ಕೊಕ್ಕೆಯಿಂದ ಕೋಲು ಕಿತ್ತುಕೊಂಡು ಅವಳ ಹಿಂದೆ ಓಡಿದ.

"ಅಯ್ಯೋ, ಬಣ್ಣ ಕೂರೋಕೆ ಕುದಿನೀರಿಗೆ ಇನ್ನೂ ಹಾಕಿಲ್ಲ ಕಣೋ, ಕೈಗೆ ಹತ್ತುತ್ತೆ!" ಎಂದು ತೊಟ್ಟಿಯಕ್ಕ ಕೂಗಿದಳು. ಅವನು ಹಸಿ ಕೋಲನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು ಮಗಳ ಹಿಂದೆ ಹಿಂದೆಯೇ ಹೋಗುತ್ತಿದ್ದ. ಮೊಣಕೈವರೆಗೂ ಕೆಂಪು ಇಳಿದಿತ್ತು.