ಕಿವಿ ಮುಚ್ಚುವ ಟೋಪಿ

ಕಿಟಕಿಯ ಬಿಸಿಲು ನೆಲದ ಮೇಲೆ ಜರುಗುತ್ತ ನನ್ನ ಚಪ್ಪಲಿಯ ತುದಿಗೆ ಬಂದಿದೆ, ಕಾಲು ಹಿಂದಕ್ಕೆ ಎಳೆದುಕೊಂಡೆ, ಈಗ ಬಂತು ನೋಡು ಬುದ್ಧಿ, ಮೂವತ್ತು ವರ್ಷ ಚಾವಣಿಗೆ ತಗಡು ಹಾಕಿಸಿದವನಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಬಿಸಿಲಿನ ಭಯ — ಹಾಕಿಸಿದವನು, ಹಾಕಿದವನಲ್ಲ, ಹಾಕಿದವನು ತಮ್ಮ, ಆ ಬಾಗಿಲಿನಾಚೆ ಮಲಗಿದ್ದಾನೆ, ಅವನ ಎಡಗಿವಿ ತೆಗೆಯುತ್ತಿದ್ದಾರೆ. ನಾನು ಕೆಳಗೆ ನೆರಳಲ್ಲಿ ನಿಂತು ಅಳತೆ ಕೂಗುತ್ತಿದ್ದೆ, ಅವನು ಮೇಲೆ ಬಗ್ಗಿ ಸ್ಕ್ರೂ ಬಿಗಿಯುತ್ತಿದ್ದ, ಹೊಸ ತಗಡು ಕನ್ನಡಿಯ ಹಾಗೆ, ತಲೆಯ ಮೇಲೊಂದು ಸೂರ್ಯ, ಮುಖದ ಕೆಳಗೊಂದು. ಅವನ ಹೆಂಡತಿ ಟೋಪಿ ಹೊಲಿದು ಕೊಟ್ಟಿದ್ದಳು, ಹಳೆಯ ಪರದೆಯ ನೀಲಿ ಬಟ್ಟೆ, ಅಗಲದ ಅಂಚು, ಎರಡೂ ಕಿವಿಯ ಮೇಲೆ ಇಳಿಬೀಳುವ ಪಟ್ಟಿ, ಗಾಳಿಗೆ ಹಾರದಿರಲೆಂದು ಗಲ್ಲದ ಕೆಳಗೆ ಕಟ್ಟುವ ಲಾಡಿ. ಅದನ್ನು ಹಾಕಿಕೊಂಡು ಏಣಿಯ ಅರ್ಧಕ್ಕೆ ಹತ್ತಿದ್ದ, ನನ್ನ ಬಾಯಿ ಸುಮ್ಮನಿರಬೇಕಲ್ಲ — ಯಾರಪ್ಪಾ ಇದು ಕುಲಾವಿ ಕಟ್ಕೊಂಡ ಪಾಪು, ಹಾಲು ಕುಡಿದು ಹತ್ತಿದ್ಯಾ ಇಲ್ವಾ. ಕೆಲಸದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವನೂ ನಕ್ಕ, ನಗುತ್ತಲೇ ಕೆಳಗಿಳಿದು, ಲಾಡಿ ಬಿಚ್ಚಿ, ಟೋಪಿಯನ್ನು ನನ್ನ ಕೈಗೆ ಕೊಟ್ಟ. ನಾನು ಅದರಲ್ಲಿ ಸ್ಕ್ರೂ ತುಂಬಿಸಿದೆ. ಹನ್ನೊಂದು ವರ್ಷ ಅದು ಸ್ಕ್ರೂ ಟೋಪಿ, ಪಾಪು ಎಂಬ ಹೆಸರು ಮಾತ್ರ ಅವನಿಗೇ ಅಂಟಿಕೊಂಡಿತು.

ಎರಡು ವರ್ಷದ ಹಿಂದೆ ಕಿವಿಯ ಮೇಲಂಚಿನಲ್ಲಿ ಬೇಳೆಯಷ್ಟು ಹಕ್ಕಳೆ, ಉದುರುವುದು, ರಕ್ತ ಜಿನುಗುವುದು, ಮತ್ತೆ ಕಟ್ಟುವುದು, ಅಣ್ಣ ಇದು ವಾಸಿನೇ ಆಗ್ತಿಲ್ಲ ಎಂದು ಅವನಾಗಿಯೇ ತೋರಿಸಿದ, ತಗಡು ತರಚಿರ್ಬೇಕು, ಮುಲಾಮು ಹಚ್ಚು, ಈ ಚಾವಣಿ ಮುಗೀಲಿ ಎಂದೆ. ಆ ಚಾವಣಿ ಮುಗಿಯಿತು, ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಚರ್ಮದ ಕ್ಯಾನ್ಸರ್ ಎಂದರು, ವರ್ಷಗಟ್ಟಲೆ ತಿಂದ ಬಿಸಿಲು, ಬೇಳೆಯಷ್ಟಿದ್ದಾಗ ಬಂದಿದ್ದರೆ ಚೂರು ಕತ್ತರಿಸಿ ಹೊಲಿಗೆ ಹಾಕಿ ಕಳಿಸುತ್ತಿದ್ದರಂತೆ, ಈಗ ಕಿವಿ ಉಳಿಯುವುದಿಲ್ಲ, ರೋಗ ಕುತ್ತಿಗೆಯ ಗ್ರಂಥಿಗೂ ಹರಡಿದೆಯೋ ಇಲ್ಲವೋ ಪರೀಕ್ಷೆ ಆದ ಮೇಲೆ ಗೊತ್ತಾಗುತ್ತದೆ. ಬೆಂಚಿನ ಆ ತುದಿಯಲ್ಲಿ ಅವನ ಹೆಂಡತಿ ಕೂತಿದ್ದಾಳೆ, ಟೋಪಿಯ ಮಾತು ಇವತ್ತಿಗೂ ಎತ್ತಿಲ್ಲ, ಊಟ ಮಾಡಿದ್ರಾ ಭಾವ ಎಂದು ಕೇಳಿದಳು, ಅಷ್ಟೇ, ನಾಚಿಕೆಯಿಂದ ಕುಗ್ಗಿಹೋದೆ. ಟೋಪಿ ನನ್ನ ಚೀಲದಲ್ಲಿದೆ, ನಿನ್ನೆ ಸ್ಕ್ರೂ ಸುರಿದು ಮೂರು ಸಲ ಒಗೆದೆ, ತುಕ್ಕಿನ ಕಲೆ ಬಿಡಲಿಲ್ಲ, ಯಾವ ಮುಖ ಇಟ್ಟುಕೊಂಡು ಕೊಡಲಿ — ಬಾಗಿಲು ತೆರೆಯಿತು, ಸ್ಟ್ರೆಚರ್, ತಲೆಯ ಸುತ್ತ ಬ್ಯಾಂಡೇಜು, ಅರೆತೆರೆದ ಕಣ್ಣು ನನ್ನನ್ನೇ ಹುಡುಕಿತು. ಅಣ್ಣ, ಇವತ್ತು ಮೇಲೆ ಯಾರು ಹತ್ತಿದಾರೆ, ಅವರಿಗೆ ಟೋಪಿ ಇದ್ಯಾ. ಇಲ್ಲ, ಇವತ್ತೂ ಇಲ್ಲ, ಹಾಗೆಂದು ಹೇಳಲು ಬಾಯಿ ಬರಲಿಲ್ಲ, ಏಣಿಯ ಕೆಳಗೆ ನಿಂತಾಗ ಎಷ್ಟು ಚೆನ್ನಾಗಿ ಬರುತ್ತಿತ್ತು, ಚೀಲಕ್ಕೆ ಕೈ ಹಾಕಿದೆ, ನೀಲಿ ಬಟ್ಟೆ, ಲಾಡಿ, ಎರಡು ಪಟ್ಟಿ, ಬಲಗಡೆಯದು ಬಲಗಿವಿಗೆ, ಎಡಗಡೆಯದು, ಎಡಗಡೆಯ ಪಟ್ಟಿ, ಎಡಗಡೆಯ ಪಟ್ಟಿ