ಅಜ್ಜಿಯ ಪಾಲು

ಒಂದು ತುತ್ತು ಅಂಟಕ್ಕಿ ಅನ್ನಕ್ಕೆ ಅಷ್ಟು ಬಲವಿರುತ್ತದೆಯೇ? ಇರಲಾರದು ಎಂದು ಲ್ವಾನ್ ತನಗೆ ತಾನೇ ಹೇಳಿಕೊಂಡ. ಜ್ವರ ಬಂದರೂ ಫಿಟ್ಸ್ ಬರುತ್ತದೆ, ನಿದ್ದೆಗೆಟ್ಟರೂ ಬರುತ್ತದೆ. ಆದರೆ ದಿಯೆಪ್‌ಗೆ ಜ್ವರವಿರಲಿಲ್ಲ, ನಿದ್ದೆಯೂ ಚೆನ್ನಾಗಿಯೇ ಆಗಿತ್ತು. ಈಗ ಸಾ ದೆಕ್ ಪಟ್ಟಣದ ಆಸ್ಪತ್ರೆಯ ಮಂಚದ ಮೇಲೆ, ಕಚ್ಚಿಕೊಂಡ ತುಟಿ ಊದಿಸಿಕೊಂಡು, ಆರು ವರ್ಷದ ಮಗಳು ಅವನನ್ನೇ ನೋಡುತ್ತಿದ್ದಳು.

ಯಾವ ಮಾತ್ರೆಗೂ ಬಗ್ಗದ ಫಿಟ್ಸ್ ಅದು. ಕೊನೆಗೆ ಡಾಕ್ಟರು ಫಿಟ್ಸ್ ತಡೆಯುವ ಕೊಬ್ಬಿನ ಪಥ್ಯ ಹಾಕಿದ್ದರು, ತುಸು ಅನ್ನ ಸೇರಿದರೂ ಕೆಡುವಂಥದ್ದು. ಅನ್ನವಿಲ್ಲ, ಸಿಹಿಯಿಲ್ಲ. ಬರೀ ಮೊಟ್ಟೆ, ಹಂದಿಯ ಕೊಬ್ಬು, ತೆಂಗಿನ ಗಟ್ಟಿ ಹಾಲು, ಎಣ್ಣೆ, ಎಲ್ಲವೂ ತೂಕದ ಪ್ರಕಾರ. ತೂಗುವವಳು ಅವನ ಹೆಂಡತಿ ಯೆನ್. ಬಟ್ಟಲಿಗೆ ಅಂಟಿದ ಎಣ್ಣೆಯನ್ನೂ ಬಳಿದು ತಿನ್ನಿಸುತ್ತಿದ್ದಳು. ಮಳೆಗಾಲ ಶುರುವಾದ ಮೇಲೆ ಇಂದು ಬೆಳಗಿನವರೆಗೆ ಮಗುವಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ.

ನಿನ್ನೆ ಅವನ ತಾಯಿಯ ತಿಥಿ. ದಿಯೆಪ್‌ಳನ್ನು ಎತ್ತಿ ಆಡಿಸಿದವಳು ಆಕೆಯೇ. ಊದುಬತ್ತಿ ಉರಿದು ಮುಗಿದ ಮೇಲೆ ಎಡೆಯ ಅಂಟಕ್ಕಿ ಅನ್ನ ಇಳಿಸಿದರು. ಮೊದಲ ಪಾಲು ಮೊಮ್ಮಗಳಿಗೆ ಸಲ್ಲಬೇಕು. ಯೆನ್ ಕಾಲುವೆಯ ಮೆಟ್ಟಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಲ್ವಾನ್ ತಟ್ಟೆ ಹಿಡಿದು ಹಿಂದೆಮುಂದೆ ನೋಡಿದ.

"ಯಾಕೋ, ಅಮ್ಮ ಕೊಟ್ಟಿದ್ದೂ ವಿಷವೇನೋ ನಿಂಗೆ?" ಎಂದಳು ಅವನ ಅಕ್ಕ ಕುಕ್. "ನಿನ್ನ ಹೆಂಡ್ತಿ ಕೂಸನ್ನ ಎಣ್ಣೆ ಡಬ್ಬ ಮಾಡಿಟ್ಟಿದಾಳೆ. ಒಲೆ ಹತ್ರ ಕೂರಿಸ್ಬೇಡ ಮತ್ತೆ, ಹತ್ಕೊಂಡೀತು."

ನೆಂಟರೆಲ್ಲ ನಕ್ಕರು.

"ಅಜ್ಜಿ ನಂಗೆ ಕೊಡಲ್ವಾ ಅಪ್ಪಾ?" ಎಂದಳು ದಿಯೆಪ್.

ಅವನು ಕೊಟ್ಟ. ಅವಳು ಮತ್ತೆ ಬಾಯಿ ತೆರೆದಳು, ಮತ್ತೆ ಕೊಟ್ಟ. ಒಂದೇ ತುತ್ತು ಎಂದು ಈಗ ಅಂದುಕೊಳ್ಳುತ್ತಿದ್ದಾನೆ, ಒಂದಾಗಿರಲಿಲ್ಲ. ತಾಯಿಯ ಪಾಲನ್ನು ಒಲ್ಲೆನ್ನಬಾರದೆಂದು ಕೊಟ್ಟನೋ, ಅಕ್ಕನ ಬಾಯಿಗೆ ಹೆದರಿ ಕೊಟ್ಟನೋ, ಅವನಿಗೇ ತಿಳಿಯದು. "ಅಮ್ಮಂಗೆ ಹೇಳ್ಬೇಡ ಪುಟ್ಟಿ" ಎಂದು ಮಗಳ ಬಾಯಿ ಒರೆಸಿದ್ದ.

ಡಾಕ್ಟರು ಮೂತ್ರದ ಪರೀಕ್ಷೆ ನೋಡಿ ಹುಬ್ಬು ಗಂಟಿಕ್ಕಿದರು. ಆಕೆ ಹಿರಿಯರು, ಮೆತ್ತಗೆ ಮಾತಾಡುವವರು.

"ಪಥ್ಯ ಎಲ್ಲೋ ತಪ್ಪಿದೆ ಕಣಮ್ಮ. ಬೇರೆ ಏನಾದ್ರೂ ತಿಂದ್ಲಾ?"

"ಇಲ್ಲ ಮೇಡಂ. ನಾನೇ ತೂಗಿ ಕೊಡೋದು."

"ನಿನ್ನೆ ಮನೇಲಿ ಜನ ಇದ್ರು ಅಂದ್ಯಲ್ಲ?"

"ಇದ್ರು. ಇವರು ಪಕ್ಕದಲ್ಲೇ ಕೂತಿದ್ರು, ಬಿಡ್ತಾ ಇರ್ಲಿಲ್ಲ."

ದಿಯೆಪ್ ಅಪ್ಪನ ಕಡೆ ನೋಡಿದಳು. ಆಮೇಲೆ ಹೊದಿಕೆಯ ಅಂಚು ನೋಡುತ್ತ ಕೂತಳು. ಅವನು ಗಂಟಲು ಸರಿಮಾಡಿಕೊಂಡ. ಡಾಕ್ಟರು ಕಾದರು. ಅವನು ಬಗ್ಗಿ ಹೊದಿಕೆಯನ್ನು ಮಗಳ ಕಾಲಿನ ಮೇಲೆ ಎಳೆದ.

"ಹಾಗಾದ್ರೆ ನನ್ನ ಕೈಯೇ ತಪ್ಪಿದೆ" ಎಂದಳು ಯೆನ್. "ಗಡಿಬಿಡೀಲಿ ಅಳತೆ ಏರುಪೇರಾಗಿರ್ಬೇಕು. ಇವಳಿಗೆ ಫಿಟ್ಸ್ ಬರೋ ಹಾಗೆ ಮಾಡಿದ್ದು ನಾನೇ."

ಪಥ್ಯ ಮುಂದುವರಿಯಿತು. ಮಗು ಚೇತರಿಸಿಕೊಂಡಿತು, ಯೆನ್ ಚೇತರಿಸಿಕೊಳ್ಳಲಿಲ್ಲ. ತೂಗಿದ್ದನ್ನೇ ಮತ್ತೆ ಮತ್ತೆ ತೂಗುವಳು, ತಕ್ಕಡಿಯನ್ನು ಗಂಡನ ಕಡೆ ತಿರುಗಿಸುವಳು.

"ನೀವೊಂದ್ಸಲ ನೋಡಿ. ನಂಗೆ ನನ್ನ ಮೇಲೆ ನಂಬಿಕೆ ಇಲ್ಲ."

ಅವನು ಬಗ್ಗಿ ನೋಡುವನು. "ಸರಿ ಇದೆ" ಎನ್ನುವನು. ಪ್ರತಿ ಊಟಕ್ಕೂ ಹಾಗೆ.

ಆ ಅನ್ನ ತಿನ್ನಿಸಿದ್ದು ತಾನು ಎಂದು ಲ್ವಾನ್ ಅವಳಿಗೆ ಎಂದೂ ಹೇಳಲಿಲ್ಲ.